ಮೊದಲು ಹೆಗಲು ಕೊಟ್ಟವನು

ತಾನೇ ಕೊಲ್ಲಿಸಿದ ಬಾಡಿಗೆ ಹಂತಕನ ಹೆಣದ ಮುಂದೆ ಕೂತು ತೆರೆಯ ಮೇಲಿನ ದಣಿ ಗೊಳೋ ಎಂದು ಅಳತೊಡಗಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ನಿಪ್ಪಾಣಿಯ ಥಿಯೇಟರ್ ಅರ್ಧ ಖಾಲಿ. ನಂಬಿಕೊಂಡ ಹಂತಕರನ್ನೇ ದಣಿ ಒಬ್ಬೊಬ್ಬರಾಗಿ ಮುಗಿಸುವ ಕಥೆ. ಗುಂಡಿನ ಸದ್ದು ಬಿಟ್ಟರೆ ತಲೆಬುಡ ಇಲ್ಲ. ನನಗೆ ಮೊದಲೇ ತಲೆ ಕೆಟ್ಟಿತ್ತು.

"ಕೊಲ್ಲಿಸಿದಾಂವ ಹಿಂಗ ಅಳ್ತಾನೇನ್ರಿ? ಬರೇ ಬೋಗಸ್!" ಎಂದೆ, ಪಕ್ಕದ ಸೀಟಿನಲ್ಲಿದ್ದ ಬಿಳಿ ಟೋಪಿಯ ಹಿರಿಯರಿಗೆ. ಅವರು ನನಗೆ ಪರಿಚಯದವರಲ್ಲ.

ತೆರೆಯಿಂದ ಕಣ್ಣು ತೆಗೆಯದೆ ಅವರು ಹೇಳಿದರು: "ಅಳ್ತಾನ್ರಿ. ನನ್ನ ಮಗಾ ಒಬ್ಬ ಸಾವ್ಕಾರನ ಮಾತ ಕೇಳಿ ಮಂದೀನ ಹೊಡ್ಯಾಕ ಹೋಗತಿದ್ದ. ಕಡೀಕ ಆ ಸಾವ್ಕಾರನ ಇವನ್ನ ಹೊಡಿಸಿದ. ಮಣ್ಣಿನ ದಿನ ಎಲ್ಲಾರಕಿಂತ ಮದ್ಲ ಬಂದು ಅತ್ತಾಂವ ಅವನ. ಹೆಣಕ್ಕ ಮದ್ಲ ಹೆಗಲ ಕೊಟ್ಟಾಂವನೂ ಅವನ."

ನಾನು ತೆರೆ ಬಿಟ್ಟು ಅವರ ಕಡೆ ತಿರುಗಿದೆ. ಅವರು ಮತ್ತೆ ಅಂದರು: "ಎಲ್ಲಾ ಆಮ್ಯಾಲ ಗೊತ್ತಾತ್ರಿ. ಅವತ್ತ ನಾ ಆ ಸಾವ್ಕಾರನ ಎದಿಗಿ ಬಿದ್ದು ಅತ್ತೆ."

ಆ ಸಿನಿಮಾ ಹೇಗೆ ಮುಗಿಯಿತೋ ನೆನಪಿಲ್ಲ. ಮೊನ್ನೆ ಬೇಡಕಿಹಾಳದಲ್ಲಿ ನೆಂಟರೊಬ್ಬರ ಮಣ್ಣಿಗೆ ಹೋಗಿದ್ದೆ. ಕಾಯಿಲೆಯಿಂದ ತೀರಿಕೊಂಡವರು. ಅವರ ತಮ್ಮ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟು, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಾನು ಸಮಾಧಾನದ ಒಂದು ಮಾತೂ ಹೇಳದೆ ಅವನ ಮುಖವನ್ನೇ ದಿಟ್ಟಿಸುತ್ತ ನಿಂತಿದ್ದೆ.