ಮಾಯವಾದ ಕುಂಕುಮ

ನಾನು ಚಿಕ್ಕವಳಿದ್ದಾಗ, ಸಿನಿಮಾದಲ್ಲಿ ತಪ್ಪು ಇರಬಹುದು ಎಂಬುದೇ ನಮ್ಮೂರು ಹದಡಿಯಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಪರದೆಯ ಮೇಲೆ ಕಂಡದ್ದೆಲ್ಲ ನಿಜ. ಅದರಿಂದಲೇ ನಮಗೆ ಫಜೀತಿಯಾಯಿತು.

ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಭಾವ ಮಿಲಿಟರಿಯಲ್ಲಿದ್ದರು. ಗಡಿಗೆ ಹೋದವರಿಂದ ಬಹಳ ದಿನ ಸುದ್ದಿಯಿರಲಿಲ್ಲ. ಅವಳ ಮನಸ್ಸು ಹಗುರಾಗಲೆಂದು ಅಪ್ಪ ನಮ್ಮಿಬ್ಬರನ್ನೂ ದಾವಣಗೆರೆಯ ಟಾಕೀಸಿಗೆ ಕರೆದುಕೊಂಡು ಹೋದ. ಹಾಳಾದ್ದು, ಆ ಚಿತ್ರದಲ್ಲೂ ನಾಯಕಿಯ ಗಂಡ ಸಿಪಾಯಿಯೇ. ಅವಳು ಒಳಗೆ ರೊಟ್ಟಿ ತಟ್ಟುವಾಗ ಹಣೆಯಲ್ಲಿ ಕಾಸಗಲ ಕುಂಕುಮವಿತ್ತು. ಅದೇ ರೊಟ್ಟಿ ಹಿಡಿದು ಅಂಗಳಕ್ಕೆ ಬಂದಾಗ ಹಣೆ ಬರಿದು. ಕುಂಕುಮ ಹೋಯಿತೆಂದರೆ ಗಂಡ ಸತ್ತನೆಂದೇ ಆಗಿನವರ ಲೆಕ್ಕ. ಹಿಂದೆ ಕೂತಿದ್ದ ಮುದುಕಿಯೊಬ್ಬಳು, "ಗಂಡ ಹೋದ್ನೇನೋ, ಪಾಪ" ಎಂದಳು. ಅಷ್ಟರಲ್ಲಿ ಕುಂಕುಮ ಮತ್ತೆ ಹಣೆಯ ಮೇಲಿತ್ತು. ಹೋದದ್ದು ಹೇಗೆ, ಬಂದದ್ದು ಹೇಗೆ, ಯಾರಿಗೂ ತಿಳಿಯಲಿಲ್ಲ. ಅಕ್ಕ ನನ್ನ ಕೈಯನ್ನು ನೋಯುವ ಹಾಗೆ ಹಿಡಿದಿದ್ದಳು.

ಮನೆಗೆ ಬಂದವಳು ಊಟ ಬಿಟ್ಟಳು. ಅದು ಭಾವನ ಬಗ್ಗೆಯೇ ಬಂದ ಸೂಚನೆ ಎಂದು ಅವಳ ಹಠ. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು.

"ಅಪ್ಪಾ, ಹರಿಹರದಾಗೂ ಅದೇ ಪಿಕ್ಚರ್ ಐತಂತೆ. ಅಲ್ಲಿ ಕುಂಕುಮ ಇದ್ರೆ ಇಲ್ಲಿ ತೋರ್ಸಿದ್ದು ತಪ್ಪು. ಒಂದ್ಸಲ ನೋಡ್ಕಂಡ್ ಬರಾನ."

ಇದೆಂಥ ಲೆಕ್ಕ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಹರಿಹರದ ಟಾಕೀಸಿನ ಒಳಗೆ ಬೀಡಿ ಹೊಗೆ, ಸೆಕೆ, ಹುರಿದ ಶೇಂಗಾದ ವಾಸನೆ. ಪರದೆಯ ಮೇಲೆ ರೊಟ್ಟಿ ತಟ್ಟುವ ಸದ್ದು ಬಂದದ್ದೇ ತಡ, ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನನ್ ಕೈಲಿ ಆಗಲ್ಲಪ್ಪಾ. ನೀನೇ ನೋಡಿ ಹೇಳು. ಐತಾ?"

ನಾನು ಕಣ್ಣು ಪಿಳುಕಿಸದೆ ನೋಡಿದೆ. ಅಂಗಳಕ್ಕೆ ಬಂದ ನಾಯಕಿಯ ಹಣೆ ಇಲ್ಲೂ ಬರಿದಾಗಿಯೇ ಇತ್ತು. ಅಪ್ಪನೂ ಅದನ್ನೇ ನೋಡುತ್ತಿದ್ದ.

"ಐತೆ ಬಿಡವ್ವ," ಎಂದ ಅಪ್ಪ. "ಚಲೋ ಕಾಣಾಂಗೆ ಐತೆ."

ಅಕ್ಕ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಹೊರಗೆ ಬಂದು ಹೊಟ್ಟೆ ತುಂಬ ಮಂಡಕ್ಕಿ ತಿಂದಳು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅದರೊಳಗೆ ಬಿಸಿ ಮಿರ್ಚಿ ಬಜ್ಜಿಯೊಂದನ್ನು ತುರುಕಿದ. ತಪ್ಪು ಕಂಡದ್ದು ನನ್ನ ಕಣ್ಣಿಗೋ, ಅಪ್ಪನ ಕಣ್ಣಿಗೋ ಎಂದು ಊರು ಮುಟ್ಟುವವರೆಗೂ ನನಗೆ ಗೊಂದಲ. ಸುಗ್ಗಿಯ ಹೊತ್ತಿಗೆ ಭಾವ ಕ್ಷೇಮವಾಗಿ ಮನೆಗೆ ಬಂದರು.

ಮಕ್ಕಳೇ, ನೀವು ಮೊಬೈಲಿನಲ್ಲಿ ಹಳೆಯ ಚಿತ್ರಗಳನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, "ಅಜ್ಜಿ, ರಾಜನ ಕೈಯಾಗ ವಾಚ್ ಐತೆ ನೋಡಿಲ್ಲಿ" ಎಂದು ಬಿದ್ದು ಬಿದ್ದು ನಗುತ್ತೀರಿ. ನಾನೂ ನಗುತ್ತೇನೆ. ಆದರೆ ಹಳೆಯ ಚಿತ್ರದಲ್ಲಿ ಒಬ್ಬಳ ಹಣೆಯ ಕುಂಕುಮ ಮಾಯವಾದರೆ, ಅದು ನಿಮಗೆ ಯಾರೋ ಇಡಲು ಮರೆತ ಬೊಟ್ಟು. ನನಗೆ ಈಗಲೂ ಅವಳ ಗಂಡ ಎಲ್ಲಿದ್ದಾನೋ, ಹೇಗಿದ್ದಾನೋ ಎಂಬ ಚಿಂತೆ ಹತ್ತುತ್ತದೆ. ಕುಂಕುಮ ಇದೆ ಎಂದು ಸುಳ್ಳು ಹೇಳಲು ಪಕ್ಕದಲ್ಲಿ ಅಪ್ಪ ಇಲ್ಲ.