ಅಳದ ಕೂಸು

ಮೊನ್ನೆ ನರ್ಸ್ ಬಂದು ಮೊಮ್ಮಗಳ ಹಸುಗೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದಳು. ಥೈರಾಯ್ಡ್ ಪರೀಕ್ಷೆಗಂತೆ. ಅವಳು ಒತ್ತಿಟ್ಟ ಹತ್ತಿಯ ಸ್ಪಿರಿಟ್ ವಾಸನೆಗೆ, ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಿಗವ್ವ ನೆನಪಾದಳು. ಲಿಂಗಸುಗೂರಿನ ದವಾಖಾನೆಯಲ್ಲಿ ಅವಳ ಮಗ್ಗುಲಿಗೆ ಕೂತಿದ್ದಾಗಲೂ ಇದೇ ವಾಸನೆ ಇತ್ತು...

ರಜಾಕಾರರ ಗದ್ದಲ ಅಡಗಿ ಒಂದೆರಡು ವರ್ಷವಾಗಿರಬೇಕು. ಚಿಗವ್ವನ ಕೊರಳಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ನೋಯುತ್ತಿರಲಿಲ್ಲವಾದ್ದರಿಂದ ಯಾರೂ ಅದನ್ನು ರೋಗವೆನ್ನಲಿಲ್ಲ. ಬಸುರಿಯಾದಾಗ ಅದು ಇನ್ನಷ್ಟು ಊದಿತು. ಬಿಸಿಲಲ್ಲೂ ಚಳಿ ಎಂದು ಕೌದಿ ಹೊದ್ದು ಕೂರುತ್ತಿದ್ದಳು.

ಅವ್ವನೂ ಆಗ ಬಸುರಿ. ಒಂದೇ ತಿಂಗಳಲ್ಲಿ ನನಗೆ ತಮ್ಮ ಹುಟ್ಟಿದ, ಅವಳಿಗೆ ಮಗಳು. ತಮ್ಮ ಹಗಲೂ ರಾತ್ರಿ ಚೀರುತ್ತಿದ್ದ. ಆ ಕೂಸು ಅಳುತ್ತಲೇ ಇರಲಿಲ್ಲ; ಹಾಲಿಗೂ ಎಬ್ಬಿಸಬೇಕಿತ್ತು.

"ನಿನ್ನ ಕೂಸು ಭಾಳ ಶಾಣ್ಯಾ ಐತಿ ನೋಡವಾ, ಎಷ್ಟು ಗಪ್ ಮಲಗತೈತಿ" ಎಂದು ಅವ್ವ ಹೇಳಿದರೆ ಚಿಗವ್ವ ಹಿಗ್ಗುತ್ತಿದ್ದಳು.

ತಮ್ಮ ಗೋಡೆ ಹಿಡಿದು ನಿಂತ, ನಡೆದ. ಅವಳ ಮಗಳ ಕತ್ತೇ ನಿಲ್ಲಲಿಲ್ಲ. ಚಿಗವ್ವ ಬರುವ ಸಪ್ಪಳವಾದರೆ ಅವ್ವ ತಮ್ಮನನ್ನು ಎತ್ತಿ ಕಂಕುಳಿಗೆ ಹಾಕಿಕೊಳ್ಳುತ್ತಿದ್ದಳು. ಅವನು ಕೊಸರಾಡಿ ಇಳಿದು ಅವಳ ಮುಂದೆಯೇ ಓಡುತ್ತಿದ್ದ. ಚಿಗವ್ವ ನಗುತ್ತಿದ್ದಳು... ಆಮೇಲೆ ಬರುವುದನ್ನೇ ಬಿಟ್ಟಳು.

ಕೊನೆಗೆ ಅವ್ವನೇ ಹಟ ಹಿಡಿದು ಅವಳನ್ನು ಲಿಂಗಸುಗೂರಿಗೆ ಕರೆದೊಯ್ದಳು, ನಾನೂ ಹೋಗಿದ್ದೆ. ಡಾಕ್ಟರು ಕೂಸನ್ನು ನೋಡಿದರು, ಆಮೇಲೆ ತಾಯಿಯ ಕೊರಳನ್ನು ಮುಟ್ಟಿ ನೋಡಿದರು.

"ಈ ಗಡ್ಡಿ ಬಸುರಿದ್ದಾಗೂ ಇತ್ತೇನವಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಕೊರಳಾಗಿನ ಈ ಥೈರಾಯ್ಡ್ ಕೆಟ್ಟರ ಹೊಟ್ಟ್ಯಾಗಿನ ಕೂಸಿನ ಬುದ್ಧಿ ಬೆಳೆಯಂಗಿಲ್ಲ. ಕೂಸಿಗೂ ಅದೇ ತ್ರಾಸ ಐತಿ. ಗುಳಿಗಿ ಕೊಟ್ಟರ ಮೈ ಒಂದೀಟು ಬೆಳೀಬಹುದು. ಬುದ್ಧಿಗೆ ತಡ ಆಗೇತಿ."

ಚಿಗವ್ವ ಕೇಳಿದಳು: "ಹಂಗಂದ್ರ ನನ್ನಿಂದನಾ ಆತೇನ್ರೀ?"

"ನಿನಗರ ಏನು ಗೊತ್ತಿತ್ತವಾ" ಎಂದರು ಡಾಕ್ಟರು. ಅಲ್ಲ ಎನ್ನಲಿಲ್ಲ.

ಗುಳಿಗೆ ಹೈದರಾಬಾದಿನಿಂದ ಬರಬೇಕಿತ್ತು. ಒಮ್ಮೆ ಬಂತು, ಆಮೇಲೆ ಬರಲಿಲ್ಲ. ಡಾಕ್ಟರನ್ನು ಕಂಡು ಬಂದಂದಿನಿಂದ ಅವಳು ಕೊರಳಿಗೆ ಸೆರಗು ಸುತ್ತಿಕೊಂಡೇ ಇರುತ್ತಿದ್ದಳು. ಒಂದು ಮಧ್ಯಾಹ್ನ ಅವ್ವನ ಮುಂದೆ, "ಅಕ್ಕಾ, ಅಳಂಗಿಲ್ಲಂತ ನಾ ಎಷ್ಟು ಹಿಗ್ಗಿದ್ನಲ್ಲ" ಎಂದಳು.

ಕಾಲುವೆ ಕೆಲಸ ಶುರುವಾದಾಗ ಅವಳ ಗಂಡ ಕೂಲಿ ಹುಡುಕಿಕೊಂಡು ಸಂಸಾರಸಮೇತ ತುರ್ವಿಹಾಳದ ಕಡೆ ಹೋದ. ಅಲ್ಲಿ ಒಂದು ಚಳಿಗಾಲದಲ್ಲಿ ಕೂಸು ತೀರಿಕೊಂಡಿತೆಂದು ಯಾರೋ ಹೇಳಿದರು. ಚಿಗವ್ವ ಏನಾದಳೋ, ಸುದ್ದಿಯೇ ಬರಲಿಲ್ಲ...

ಅವ್ವ ಹೋಗಿಯೂ ಬಹಳ ವರ್ಷವಾಯಿತು. ನಿನ್ನೆ ತಮ್ಮನಿಗೆ ಫೋನು ಮಾಡಿ, ನಿನ್ನ ಜೊತೆಗೇ ಹುಟ್ಟಿದ ಹುಡುಗಿಯೊಬ್ಬಳು ಇದ್ದಳು ಎಂದೆ. "ಯಾರಕ್ಕಾ ಆಕಿ?" ಎಂದ. ಹೇಳಲು ಬಾಯಿ ತೆರೆದೆ. ಕೂಸಿನ ಹೆಸರು ನನಗೂ ನೆನಪಾಗಲಿಲ್ಲ.