ದಾನಪ್ಪನ ಹಿಮದ ಸಲಿಕೆ

ದಾನಪ್ಪನಿಗೆ ಬಾಯಿ ಕಡಿಮೆ, ಕೈ ಜಾಸ್ತಿ. ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಯಾರ ಮನೆಯ ಮಗ್ಗ ಕೈಕೊಟ್ಟರೂ ಮೊದಲು ಈ ಹುಡುಗನನ್ನೇ ಕರೆಯುತ್ತಿದ್ದರಂತೆ. ಅಂಥವನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ದಕ್ಷಿಣ ಕೆರೋಲಿನಾದಲ್ಲಿ ಇನ್ನೆರಡು ವರ್ಷ ಓದಿ, ಮೇರಿಲ್ಯಾಂಡಿನ ಗೇದರ್ಸ್‌ಬರ್ಗ್‌ಗೆ ಬಂದು ಹತ್ತು ವರ್ಷ ಮಾಡಿದ್ದೇನು ಎಂದರೆ, ಆಫೀಸು ಕಟ್ಟಡಗಳ ಚಾವಣಿಯೊಳಗೆ ಓಡುವ ಗಾಳಿಯ ಕೊಳವೆಗಳಿಗೆ ನಕ್ಷೆ ಬರೆದದ್ದು. ನಕ್ಷೆಯ ಮೂಲೆಯಲ್ಲಿ ಒಂದು ಚೌಕವಿರುತ್ತದೆ. ಅದರಲ್ಲಿ ಒಪ್ಪಿಗೆ ಕೊಟ್ಟವನ ಹೆಸರು ಪೂರ್ತಿ, ಬರೆದವನದು ಎರಡೇ ಅಕ್ಷರ. ವಾಷಿಂಗ್ಟನ್ ಸುತ್ತಮುತ್ತ ಎದ್ದ ಕಟ್ಟಡಗಳಲ್ಲಿ ನಲವತ್ತಕ್ಕಾದರೂ ದಾನಪ್ಪ ಉಸಿರು ಕೊಟ್ಟಿದ್ದ. ಒಂದರಲ್ಲೂ ಅವನ ಹೆಸರಿರಲಿಲ್ಲ. ಇದನ್ನು ಅವನು ಯಾರ ಮುಂದೆಯೂ ಹೇಳಿಕೊಂಡವನಲ್ಲ, ಆದರೆ ಹೊಟ್ಟೆಯೊಳಗೆ ಉರಿ ಇದ್ದೇ ಇತ್ತು.

ಸಲಿಕೆಯ ಹುಚ್ಚು ಹತ್ತಿದ್ದು ತೊಂಬತ್ತಮೂರರ ಮಾರ್ಚಿನಲ್ಲಿ. ಆ ವರ್ಷ ಚಳಿಗಾಲ ಮುಗಿಯಿತೆಂದು ಎಲ್ಲರೂ ಕೋಟು ಒಳಗಿಡುವ ಹೊತ್ತಿಗೆ ಮೊಣಕಾಲುದ್ದ ಹಿಮ ಬಿತ್ತು. ಟೌನ್‌ಹೌಸಿನ ನಿಯಮದಂತೆ ಮನೆಮುಂದಿನ ಕಾಲುದಾರಿಯನ್ನು ಅವರವರೇ ತೆಗೆಯಬೇಕು. ಆರಡಿಯ ದಾನಪ್ಪ ಗಿಡ್ಡ ಹಿಡಿಯ ಸಲಿಕೆಗೆ ಬಗ್ಗಿ ಬಗ್ಗಿ ಸಂಜೆಯ ಹೊತ್ತಿಗೆ ಮತ್ತೆ ಏಳಲಾಗದ ಹಾಗೆ ಸೊಂಟ ಹಿಡಿಸಿಕೊಂಡ. ಆರು ವಾರ ಹಾಸಿಗೆ. ಎದ್ದ ಮೇಲೆ ಡಾಕ್ಟರು ಕೊಡಿಸಿದ ಅಲ್ಯೂಮಿನಿಯಂ ಊರುಗೋಲಿನಲ್ಲಿ ಸಾಲಾಗಿ ತೂತುಗಳಿದ್ದವು. ಉಕ್ಕಿನ ಗುಂಡಿ ಒತ್ತಿದರೆ ಒಳಗೊಳವೆ ಜಾರುತ್ತದೆ, ಮುಂದಿನ ತೂತಿಗೆ ಬಂದಾಗ ಗುಂಡಿ ಟಕ್ ಎಂದು ಹೊರಬಂದು ಕೂರುತ್ತದೆ, ಕೋಲು ಅವರವರ ಎತ್ತರಕ್ಕೆ ನಿಲ್ಲುತ್ತದೆ. ದಾನಪ್ಪ ನಡೆಯುವುದನ್ನು ಬಿಟ್ಟು ಆ ಕೋಲನ್ನೇ ನೋಡುತ್ತ ಕೂತ. ಕುಂಟನಿಗೆ ಇಷ್ಟು ಮರ್ಯಾದೆ ಕೊಡುವ ದೇಶ ಸಲಿಕೆ ಹಿಡಿದವನಿಗೆ ಯಾಕೆ ಕೊಟ್ಟಿಲ್ಲ ಎಂಬ ಪ್ರಶ್ನೆ ಅವನ ತಲೆ ಹೊಕ್ಕಿತು.

ಮುಂದಿನ ಎರಡೂವರೆ ವರ್ಷ ಅವನ ಶನಿವಾರ, ಭಾನುವಾರಗಳೆಲ್ಲ ಬೇಸ್‌ಮೆಂಟಿಗೆ ಹೋದವು. ಊರುಗೋಲಿನ ಹಾಗೇ ಗುಂಡಿ ಒತ್ತಿ ಸಲಿಕೆಯ ಹಿಡಿಯನ್ನು ಉದ್ದ ಗಿಡ್ಡ ಮಾಡಬಹುದು, ಹಲಗೆಯ ಓರೆ ಬದಲಿಸಬಹುದು, ನಡುವೆ ಇನ್ನೊಂದು ಹಿಡಿ ಹಾಕಿ ಬಗ್ಗದೆ ಎತ್ತಬಹುದು. ಹೆಂಡತಿ ಶ್ರೀದೇವಿ ಐದಡಿಗಿಂತ ಒಂದು ಬೆರಳು ಹೆಚ್ಚು. ಅವಳ ಕೈಗೆ ಕೊಟ್ಟು, ತಾನು ಹಿಡಿದು, ಹಸಿ ಮರಳು ತುಂಬಿ, ತೂಕ ಬರೆದು, ಮುರಿದು, ಮತ್ತೆ ಮಾಡಿದ. ಕೊನೆಗೆ ಷಾರ್ಲೆಟ್‌ನ ಒಂದು ಉಪಕರಣ ಕಂಪನಿ ಕಾಗದ ಬರೆಯಿತು. ಆರು ಸಲಿಕೆ ಆರು ಮನೆಗಳಲ್ಲಿ ಒಂದು ಚಳಿಗಾಲ ದುಡಿಯಲಿ, ಬಳಸಿದವರ ಬರಹದ ವರದಿ ಬರಲಿ, ಚೆನ್ನಾಗಿದ್ದರೆ ಮಾರ್ಚಿನಲ್ಲಿ ಒಪ್ಪಂದ. ಪೇಟೆಂಟಿನ ಖರ್ಚು ನಮ್ಮದು, ಹೆಸರು ನಿಮ್ಮದು. ಆ ಕೊನೆಯ ಮಾತನ್ನು ದಾನಪ್ಪ ಎಷ್ಟು ಸಲ ಓದಿದನೋ, ಕಾಗದದ ಮಡಿಕೆ ಹರಿದುಹೋಯಿತು.

ಆರು ಮನೆಗಳಲ್ಲಿ ಒಂದು ಸೂರ್ಯನಾರಾಯಣರದು. ಐದು ಬಾಗಿಲು ಆಚೆಗಿದ್ದ ಮೈಸೂರಿನವರು, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅರವತ್ತೆರಡು ವಯಸ್ಸು, ಕಡ್ಡಿಯಂಥ ಮೈ, ಎಲ್ಲವನ್ನೂ ಬರೆದಿಡುವ ಚಟ. ಡಿಸೆಂಬರಿನಲ್ಲಿ ಎರಡು ಅಂಗುಲ ಹಿಮ ಬಿದ್ದದ್ದಕ್ಕೆ ಮೂರು ಪುಟ ವರದಿ ಬರೆದು ತಂದಿದ್ದರು.

"ದಾನಪ್ಪನವರೇ, ಈ ಪೇಟೆಂಟ್ ಬಂದ್ಮೇಲೆ ಒಂದು ಕಾಪಿ ನಂಗೆ ಕೊಡ್ಬೇಕು. ಫ್ರೇಮ್ ಹಾಕಿಸ್ತೀನಿ. ನಮ್ಮ ಲೈನಲ್ಲಿ ಒಬ್ಬ ಇನ್ವೆಂಟರ್ ಇದ್ದಾರೆ ಅಂತ ಬಂದೋರಿಗೆಲ್ಲ ತೋರಿಸ್ತೀನಿ."

"ಬರಲಿ ಬಿಡ್ರಿ ಸರ್, ಮೊದಲ," ಎಂದು ದಾನಪ್ಪ ನೆಲ ನೋಡಿದ. ಆ ರಾತ್ರಿ ಊಟ ಅವನಿಗೆ ಎರಡು ತುತ್ತು ಹೆಚ್ಚೇ ಸೇರಿತು.

ಅದೇ ಡಿಸೆಂಬರಿನಲ್ಲಿ ಮನೆಗೆ ಹೆಣ್ಣು ಕೂಸು ಬಂತು. ಬಾಣಂತನಕ್ಕೆಂದು ಶ್ರೀದೇವಿಯ ತಾಯಿ ಬಸವ್ವ ನವೆಂಬರಿನಲ್ಲೇ ಬಂದಿದ್ದಳು. ಬಸವ್ವ ದಾನಪ್ಪನಿಗೆ ಬರೀ ಅತ್ತೆಯಲ್ಲ, ಅಪ್ಪನ ಒಡಹುಟ್ಟಿದ ತಂಗಿ. ಅವನ ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ಉಣಿಸಿ, ಬೈದು, ಹೊಡೆದು, ಶಾಲೆಗೆ ಅಟ್ಟಿದವಳು ಅವಳೇ. ಈಗ ಪರದೇಶದಲ್ಲಿ ಅಳಿಯನ ಮನೆಯಲ್ಲಿ ಕಾಲುಚೀಲ ಹಾಕಿಕೊಂಡು ದಿನವಿಡೀ ಏನಾದರೊಂದು ಒರೆಸುತ್ತ, ತಿಕ್ಕುತ್ತ, ಸರಿಮಾಡುತ್ತ ಇರುತ್ತಿದ್ದಳು. ಸುಮ್ಮನೆ ಕೂರುವುದು ಅವಳಿಗೆ ಜ್ವರ ಬಂದರೂ ಆಗದ ಮಾತು.

ತೊಂಬತ್ತಾರರ ಜನವರಿ ಮೊದಲ ಶನಿವಾರ, ಭಾರಿ ಹಿಮ ಬರುತ್ತದೆಂದು ಟಿವಿಯಲ್ಲಿ ಬೆಳಗಿನಿಂದ ಹೊಡೆದುಕೊಂಡರು. ಊರಿಗೆ ಊರೇ ಹಾಲು ಬ್ರೆಡ್ಡಿಗೆ ಓಡಿತು. ದಾನಪ್ಪನೂ ಡೈಪರಿಗಾಗಿ ಎರಡು ತಾಸು ಸಾಲಿನಲ್ಲಿ ನಿಂತು ಬಂದ. ರಾತ್ರಿ ಶುರುವಾದ ಹಿಮ ಭಾನುವಾರ ಪೂರ್ತಿ ಸುರಿದು, ಸೋಮವಾರ ಮಧ್ಯಾಹ್ನ ನಿಂತಿತು. ಕಾರುಗಳು ಕಾಣದಂತೆ ಮುಚ್ಚಿಹೋಗಿದ್ದವು.

ದಾನಪ್ಪ ತನ್ನ ಮೆಟ್ಟಿಲು ತೆಗೆಯುತ್ತಿದ್ದ. ಸಲಿಕೆ ಹೇಳಿದ ಮಾತು ಕೇಳುತ್ತಿತ್ತು, ಸೊಂಟ ನೋಯಲಿಲ್ಲ. ಷಾರ್ಲೆಟ್‌ನವರು ಇದನ್ನು ಕಣ್ಣಾರೆ ನೋಡಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ ಐದು ಬಾಗಿಲು ಆಚೆಯಿಂದ ಸೂರ್ಯನಾರಾಯಣರ ಹೆಂಡತಿ ವರಲಕ್ಷ್ಮಿ ಕೂಗಿದ್ದು ಕೇಳಿತು. ಹೋಗಿ ನೋಡಿದರೆ ಸೂರ್ಯನಾರಾಯಣರು ಮೆಟ್ಟಿಲ ಬುಡದಲ್ಲಿ ಮುಖ ಅಡಿಯಾಗಿ ಬಿದ್ದಿದ್ದರು. ಹಣೆ ಕಾಂಕ್ರೀಟಿನ ಅಂಚಿಗೆ ಬಡಿದಿತ್ತು. ಪಕ್ಕದಲ್ಲಿ ಸಲಿಕೆ ಮಡಚಿದ ಕೊಡೆಯ ಹಾಗೆ ಗಿಡ್ಡವಾಗಿ ಬಿದ್ದಿತ್ತು. ಮೇಲಿನ ಮೆಟ್ಟಿಲಲ್ಲಿ ನಿಂತು ತುಂಬಿದ ಸಲಿಕೆ ಎತ್ತಿದಾಗ ಕೊಳವೆ ಒಮ್ಮೆಲೇ ಒಳಗೆ ಜಾರಿ, ಅವರು ತಲೆ ಮುಂದಾಗಿ ಉರುಳಿದ್ದರು.

ಆಂಬುಲೆನ್ಸ್ ಮುಖ್ಯ ರಸ್ತೆಗೆ ಬಂದು ನಿಂತಿತು, ಒಳದಾರಿಗೆ ಬರಲಾಗಲಿಲ್ಲ. ಅಕ್ಕಪಕ್ಕದವರೆಲ್ಲ ಸೇರಿ ದಾರಿ ಅಗೆದರು. ದಾನಪ್ಪನೂ ತನ್ನ ಸಲಿಕೆಯಲ್ಲೇ ಅಗೆದ, ಹುಚ್ಚು ಹಿಡಿದವನ ಹಾಗೆ. ಮುಕ್ಕಾಲು ಗಂಟೆ ಹಿಡಿಯಿತು. ಸೂರ್ಯನಾರಾಯಣರು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು, ಕಣ್ಣು ತೆರೆಯದೆಯೇ ತೀರಿಕೊಂಡರು.

ಬಿದ್ದ ಸಲಿಕೆಯನ್ನು ದಾನಪ್ಪ ಅಂದೇ ಮನೆಗೆ ತಂದಿದ್ದ. ಅವರು ಬಿದ್ದ ದಿನದ ರಾತ್ರಿಯೇ ಗರಾಜಿನ ಚಳಿಯಲ್ಲಿ ಕೂತು ಬ್ಯಾಟರಿ ಹಿಡಿದು ನೋಡಿದ. ಗುಂಡಿ ಅರ್ಧವಷ್ಟೇ ಹೊರಬಂದಿತ್ತು. ತೂತಿನ ಸುತ್ತ, ಸ್ಪ್ರಿಂಗಿನ ಸಂದಿಯಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಹಿಮವೆಂದುಕೊಂಡು ಉಗುರಿನಿಂದ ಕೆರೆದ. ಬೆರಳ ಬಿಸಿಗೆ ಅದು ಕರಗಿ ಜಿಡ್ಡಾಯಿತು. ಮೂಸಿ ನೋಡಿದ. ಐದು ವಾರದ ಮಗಳ ನೆತ್ತಿಯ ವಾಸನೆ.

ಅವನು ಒಳಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಅತ್ತಿ, ಶನಿವಾರ ಸೂರ್ಯನಾರಾಯಣ ಸರ್ ಬಂದಿದ್ರೇನು?"

"ಬಂದಿದ್ರಲ್ಲ. ನೀ ಪ್ಯಾಟಿಗೆ ಹೋಗಿದ್ದಿ. ಸಲಿಕಿ ಭಾಳ ಬಿಗಿ ಆಗೇತಿ, ಎಳಿಯಾಕ ಬರವಲ್ದು ಅಂದ್ರು. ಕೂಸಿಗೆ ಹಚ್ಚಿದ್ದ ಕೊಬ್ಬರಿ ಎಣ್ಣಿ ಬಟ್ಟಲದಾಗ ಬೆಚ್ಚಗ ಉಳದಿತ್ತು. ಚೆಲ್ಲೂದ್ಯಾಕಂತ ಆ ತೂತಿನಾಗ ಎಲ್ಲಾ ಬಿಟ್ಟು, ಮ್ಯಾಲ ಒರಿಸಿ ಕೊಟ್ಟೆ. ಹೆಂಗ ಸರಾಗ ಆತು ಅಂತಿ. ಖುಷಿ ಆಗಿ ಹೋದ್ರು ಪಾಪ." ಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಹೆಂಗದಾರಂತ?"

ದಾನಪ್ಪ ಗರಾಜಿಗೆ ವಾಪಸು ಬಂದ. ನಮ್ಮವರ ಮನೆಗಳಲ್ಲಿ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುವುದು ಯಾರಿಗೆ ಗೊತ್ತಿಲ್ಲ? ಬಸವ್ವನೇ ದಿನಾ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸುತ್ತಿದ್ದಳು. ಆದರೆ ಬಿಗಿಯಾದದ್ದು ಏನೇ ಇರಲಿ, ಬಾಗಿಲ ಕೀಲಾಗಲಿ, ಹಿಡಿದುಕೊಂಡ ಮೊಣಕಾಲಾಗಲಿ, ಎಣ್ಣೆ ಬಿಟ್ಟರೆ ಸಡಿಲಾಗುತ್ತದೆ ಎಂದೇ ಎಪ್ಪತ್ತು ವರ್ಷ ಬದುಕಿದವಳು ಅವಳು. ಗುಳೇದಗುಡ್ಡದ ಬಿಸಿಲಿನಲ್ಲಿ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಅವನು ಬಕೆಟಿನಲ್ಲಿ ಕುದಿಯುವ ನೀರು ತಂದ. ಸಲಿಕೆಯ ಕೊಳವೆ ಬಿಚ್ಚಿ, ಗುಂಡಿ, ಸ್ಪ್ರಿಂಗು, ತೂತು ಎಲ್ಲವನ್ನೂ ಸೋಪು ಹಾಕಿ ತೊಳೆದ. ನೀರಿನ ಮೇಲೆ ಎಣ್ಣೆಯ ಹನಿಗಳು ತೇಲಿದವು. ಬಟ್ಟೆಯಿಂದ ಒರೆಸಿ ಜೋಡಿಸಿ ಒತ್ತಿದಾಗ ಗುಂಡಿ ಟಕ್ ಎಂದು ಪೂರ್ತಿ ಹೊರಬಂದು ಕೂತಿತು. ಎಷ್ಟು ಜಗ್ಗಿದರೂ ಅಲುಗಲಿಲ್ಲ. ತನ್ನ ಕೆಲಸ ಸರಿಯಿತ್ತು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಅವನೇ ಹಿತ್ತಲ ಹಿಮದಲ್ಲಿ ಚೆಲ್ಲಿದ. ಅಲ್ಲಿಯೇ ನಿಂತು ಅತ್ತ. ಯಾರಿಗಾಗಿ ಎಂದು ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಸಾವಿನ ವಾರ ಕಳೆದ ಮೇಲೆ ಷಾರ್ಲೆಟ್‌ನ ಎಂಜಿನಿಯರ್ ಫೋನು ಮಾಡಿದ. ಒಳ್ಳೆಯ ಮನುಷ್ಯ, ದನಿ ತಗ್ಗಿಸಿಯೇ ಮಾತಾಡಿದ. ಹೊರಗಿನ ಪದಾರ್ಥ ಏನಾದರೂ ತೂತಿನೊಳಗೆ ಹೋಗಿತ್ತೇ? ಹಾಗಿದ್ದರೆ ಅದು ವಿನ್ಯಾಸದ ದೋಷವಲ್ಲ, ರಬ್ಬರಿನ ಮುಚ್ಚಳ ಹಾಕಿ ಮುಂದುವರಿಯಬಹುದು, ಯಾರು ಯಾವಾಗ ಏನು ಹಾಕಿದರು ಎಂದು ಬರೆದು ಸಲಿಕೆಯನ್ನು ಕಳಿಸಿ ಎಂದ.

ಯಾರು, ಯಾವಾಗ, ಏನು. ಬರೆದದ್ದು ಕಂಪನಿಯ ವಕೀಲರಿಗೆ ಹೋಗುತ್ತದೆ, ಅಲ್ಲಿಂದ ವರಲಕ್ಷ್ಮಿಗೆ ಹೋಗುತ್ತದೆ, ಯುಗಾದಿ ಊಟದ ಹೊತ್ತಿಗೆ ವಾಷಿಂಗ್ಟನ್ನಿನ ಕನ್ನಡದವರಿಗೆಲ್ಲ ಗೊತ್ತಾಗುತ್ತದೆ. ಬಸವ್ವ ತಿಳಿದ ದಿನದಿಂದ ಅನ್ನ ಬಿಡುತ್ತಾಳೆ. ಇಷ್ಟನ್ನು ಲೆಕ್ಕ ಹಾಕಲು ದಾನಪ್ಪನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಇನ್ನೊಂದು ಮಾತೂ ಒಳಗಿತ್ತು: ತೂತನ್ನು ತೆರೆದೇ ಬಿಟ್ಟವನು ತಾನು. ಮನೆಯಲ್ಲಿ ಎಣ್ಣೆ ಬಟ್ಟಲು ಹಿಡಿದು ಓಡಾಡುವ ಮುದುಕಿ ಇರುತ್ತಾಳೆ ಎಂದು ತಾನಲ್ಲದೆ ಆ ದೇಶದಲ್ಲಿ ಇನ್ಯಾವ ಎಂಜಿನಿಯರ್ ಯೋಚಿಸಬೇಕಿತ್ತು?

"ಏನೂ ಹೋಗಿರಲಿಲ್ಲ," ಎಂದ. "ಸ್ಪ್ರಿಂಗಿನ ಲೆಕ್ಕ ತಪ್ಪಿತ್ತು. ತಪ್ಪು ನನ್ನದೇ."

ಅತ್ತ ಕಡೆಯವನು ಅದನ್ನೇ ಬರೆದು ಕಳಿಸಲು ಹೇಳಿದ. ದಾನಪ್ಪ ಬರೆದು ಕೆಳಗೆ ಸಹಿ ಹಾಕಿದ. ಹತ್ತು ವರ್ಷಕ್ಕೆ ಮೊದಲ ಬಾರಿ ಒಂದು ಎಂಜಿನಿಯರಿಂಗ್ ಕಾಗದದ ಮೇಲೆ ಅವನ ಹೆಸರು ಪೂರ್ತಿ ಬಂತು. ಕಂಪನಿಯವರು ಫೈಲು ಮುಚ್ಚಿದರು. ಉಳಿದ ಸಲಿಕೆಗಳನ್ನು ಜನ ಒಂದೊಂದಾಗಿ ತಂದು, ಬೆಲ್ ಒತ್ತದೆ, ಗರಾಜಿನ ಬಾಗಿಲಿಗೆ ಒರಗಿಸಿ ಹೋದರು.

ಶ್ರೀದೇವಿ ಮಾತ್ರ ನಂಬಲಿಲ್ಲ. "ನೀವು ಒಂದ ಲೆಕ್ಕ ಹತ್ತ ಸಲ ನೋಡವ್ರು. ಹೆಂಗ ತಪ್ಪತೈತಿ?"

"ತಪ್ಪತಾವು," ಎಂದು ದಾನಪ್ಪ ಕೂಸನ್ನು ಎತ್ತಿಕೊಂಡ. ಅದರ ನೆತ್ತಿಯನ್ನು ಮೂಸುವುದನ್ನು ಅವನು ಬಿಟ್ಟಿದ್ದ.

ಏಪ್ರಿಲಿನಲ್ಲಿ ಬಸವ್ವ ಊರಿಗೆ ಹೊರಟಳು. ಹೋಗುವ ಮುಂಚೆ ವರಲಕ್ಷ್ಮಿಯನ್ನು ಮಾತಾಡಿಸಿ ಬರಲೇಬೇಕೆಂದು ಹಟ ಹಿಡಿದಳು. ದಾನಪ್ಪ ಎಷ್ಟು ನೆಪ ಹೇಳಿದರೂ ಕೇಳಲಿಲ್ಲ, ಕೊನೆಗೆ ಅವನೇ ಕರೆದುಕೊಂಡು ಹೋದ. ವರಲಕ್ಷ್ಮಿ ಮನೆಯ ಸಾಮಾನು ಕಟ್ಟುತ್ತಿದ್ದರು; ಅಟ್ಲಾಂಟಾದ ಮಗಳು ಅಮೂಲ್ಯಾಳ ಹತ್ತಿರ ಹೊರಟಿದ್ದರು. ಪೆಟ್ಟಿಗೆಗಳ ನಡುವೆ ಜಾಗ ಮಾಡಿ ಇಬ್ಬರನ್ನೂ ಕೂರಿಸಿದರು. ದಾನಪ್ಪನನ್ನು ನೋಡಿ ಮಾತಾಡಲಿಲ್ಲ, ಮೂರು ತಿಂಗಳಿಂದ ಹಾಗೆಯೇ ಇತ್ತು.

ಬಸವ್ವ ಅವರ ಕೈ ಹಿಡಿದುಕೊಂಡಳು. "ಅಕ್ಕಾವ್ರ, ನಮ್ಮ ಹುಡುಗನ ಮ್ಯಾಲ ಸಿಟ್ಟ ಇಟ್ಕೋಬ್ಯಾಡ್ರಿ. ಅಂವಾ ಮಾಡಿದ್ದ ಸಾಮಾನು ಖೊಟ್ಟಿ ಆತು, ನಾ ಒಪ್ಪತೀನಿ. ನಾ ಆದ್ರೂ ಅವತ್ತ ಎಣ್ಣಿ ಬಿಟ್ಟು ಕೊಟ್ಟಿದ್ದೆ. ಅಷ್ಟ ಎಣ್ಣಿ ಕುಡದ್ರೂ ಅದು ಸುದ್ದ ಆಗಲಿಲ್ಲ ನೋಡ್ರಿ."



"ಯಾವ ಎಣ್ಣೆ?" ಎಂದರು ವರಲಕ್ಷ್ಮಿ.

"ಕೊಬ್ಬರಿ ಎಣ್ಣಿರಿ. ಕೂಸಿಗೆ ಕಾಸಿದ್ದು."

ವರಲಕ್ಷ್ಮಿಯವರ ಕೈ ಬಸವ್ವನ ಕೈಯೊಳಗೇ ನಿಂತುಹೋಯಿತು. ಇಪ್ಪತ್ತು ಚಳಿಗಾಲ ಆ ದೇಶದಲ್ಲಿ ಎಣ್ಣೆ ಬಾಟಲಿ ಕರಗಿಸಿದ ಹೆಂಗಸು ಅವರು. ನಿಧಾನಕ್ಕೆ ತಲೆಯೆತ್ತಿ ದಾನಪ್ಪನನ್ನು ನೋಡಿದರು. ಅವನು ಮುಖ ಮುಚ್ಚಿಕೊಳ್ಳಲಾಗದೆ ಕೂತಿದ್ದ. ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ, ಹೇಳುವ ಹಕ್ಕೂ ಇರಲಿಲ್ಲ. ಗಂಡನನ್ನು ಕಳೆದುಕೊಂಡವರು ಅವರು. ಏನಂದರೂ ಕೇಳಬೇಕಾದವನು ಅವನು.

ಅವರು ಎಷ್ಟೋ ಹೊತ್ತು ನೋಡಿದರು. ಆಮೇಲೆ ಬಸವ್ವನ ಕಡೆ ತಿರುಗಿ, "ಒಳ್ಳೇದೇ ಮಾಡಿದ್ರಿ ಬಸವ್ವನವರೇ," ಎಂದರು. "ನೀವು ಎಣ್ಣೆ ಹಾಕಿಕೊಟ್ರಿ ಅಂತ ಅವ್ರು ತುಂಬಾ ಖುಷಿಯಾಗಿ ಬಂದು ಹೇಳಿದ್ರು. ಕೂತ್ಕೊಳ್ಳಿ, ಕಾಫಿ ತರ್ತೀನಿ."

ಅವರು ಎದ್ದು ಒಳಗೆ ಹೋದರು. ನಲ್ಲಿಯ ನೀರು ಬಿಟ್ಟ ಸದ್ದು ಕೇಳಿತು. ಅದು ನಿಲ್ಲಲೇ ಇಲ್ಲ.

ಬಸವ್ವ ಅಳಿಯನ ಕಡೆ ಬಗ್ಗಿ ದನಿ ತಗ್ಗಿಸಿದಳು. "ಎಂಥಾ ದೊಡ್ಡ ಮನಸಿನ ಹೆಣ್ಮಗಳು ನೋಡಪಾ. ನೀ ಮಾಡಿದ್ದು ಹೊಟ್ಟ್ಯಾಗ ಹಾಕ್ಕೊಂಡ್ಳು. ಅಕಿ ಕಾಲು ಮುಟ್ಟಿ ನಮಸ್ಕಾರ ಮಾಡು."

"ಮಾಡತೀನಿ ಅತ್ತಿ," ಎಂದ ದಾನಪ್ಪ.